ಇನ್ನೂ ಆಗದ ಸಂಗತಿ

ಮೇ ೪
ಮತ್ತೆ ಅಳಿಸಿದೆ. ಮುನ್ನೂರು ಪದದ ಕಥೆ. ಹವಾಮಾನ ಕೆಟ್ಟ ಮುಂದಿನ ಕಾಲದ್ದು, ಇದುವರೆಗೆ ಎಲ್ಲೂ ಆಗದ್ದು ಇರಬೇಕು — ಪತ್ರಿಕೆಯ ಕಥಾಸ್ಪರ್ಧೆಯ ನಿಯಮ. ಇಸವಿ ೨೦೭೦ ಅಂತ ಹಾಕಿ, ಕುಡಿಯುವ ನೀರು ರೈಲಿನಲ್ಲಿ ಬರುತ್ತದೆ ಎಂದು ಬರೆದೆ. ಇವರು ಚಹಾ ಕುಡಿಯುತ್ತ ಓದಿದರು. ಬರಗಾಲದಲ್ಲಿ ಮಿರಜದಿಂದ ಲಾತೂರಿಗೆ ನೀರಿನ ರೈಲು ಎಂದೋ ಹೋಯಿತಲ್ಲ ಎಂದರು. ಕಪ್ಪು ಇಟ್ಟು ದಾಳಿಂಬೆ ತೋಟಕ್ಕೆ ಹೋದರು.

ಮದುವೆಯಾದ ಮೇಲೆ ಶಾಲೆಯ ಪಾಠಟಿಪ್ಪಣಿ ಬಿಟ್ಟು ಏನೂ ಬರೆದಿಲ್ಲ. ಒಂದೇ ಒಂದು ಕಥೆ ಅಚ್ಚಾಗಬೇಕು. ಅಷ್ಟೇ ಆಸೆ.

ಮೇ ೭
೨೦೫೦. ಬೇಸಿಗೆಯಲ್ಲಿ ಮಳೆ ಹೊಡೆದು ಶೆಡ್ಡಿನಲ್ಲಿ ಒಣಹಾಕಿದ್ದ ದ್ರಾಕ್ಷಿಯೆಲ್ಲ ಕಪ್ಪಾಗುತ್ತದೆ. ಭೇಷ್ ಅನ್ನಿಸಿತು. ಪಕ್ಕದ ಮನೆಯ ಮನಿಷಾ ಕೇಳಿ ನಕ್ಕಳು. "ಅಕ್ಕೋರ, ಇದು ನಮ್ಮ ಮನಿ ಹೋದ ವರ್ಷದ ಸುದ್ದಿ ಆತಲ್ರಿ."

ತಲೆ ಕೆಟ್ಟಿದೆ. ಮುಂದಿನ ಕಾಲವನ್ನು ಈ ತಾಲೂಕಿನವರು ನನಗಿಂತ ಮೊದಲೇ ಬಳಸಿ ಮುಗಿಸಿದ್ದಾರೆ.

ಮೇ ೮
ನಾಳೆ ನೋಡೋಣ.

ಮೇ ೧೬
ಪೆನ್ನು ಮುಟ್ಟಿರಲಿಲ್ಲ. ಸಿಟ್ಟೆಲ್ಲ ಪಾತ್ರೆಗಳ ಮೇಲೆ. ಏನಾಗಿದೆ ಎಂದು ಅಡುಗೆಮನೆಯಲ್ಲಿ ಅತ್ತೆ ಕೇಳಿಯೇಬಿಟ್ಟರು. ಎಲ್ಲ ಆಗಿಹೋಗಿದೆ, ಬರೆಯಲು ಏನೂ ಉಳಿದಿಲ್ಲ ಎಂದೆ. ರೊಟ್ಟಿ ಮಗುಚಿ ಹಾಕಿದರು.

"ಮಳಿ ಬಂತು, ಯಾರೂ ಮನ್ಯಾಗಿಂದ ಹೊರಗ ಬರಲಿಲ್ಲ ಅಂತ ಬರಿ. ಅದೊಂದು ಇನ್ನ ಆಗಿಲ್ಲ."

ಹೌದಲ್ಲ... ನಮ್ಮಲ್ಲಿ ನಾಲ್ಕು ಹನಿ ಬಿದ್ದರೂ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡುತ್ತೇವೆ. ಮುಖ ಮೇಲೆತ್ತಿ ನಿಲ್ಲುತ್ತೇವೆ. ಮಾತು ಬಿಟ್ಟವರೂ ಆವತ್ತು ಪಕ್ಕಪಕ್ಕ. ನಾನು ಸೊಸೆಯಾಗಿ ಬಂದ ವರ್ಷ, ನಾಚಿ ಒಳಗೇ ನಿಂತಿದ್ದೆ. ಅತ್ತೆ ಕೈ ಹಿಡಿದು ಎಳೆದೊಯ್ದಿದ್ದರು.

ಮೇ ೧೮, ಸಂಜೆ ೫
ಆರರೊಳಗೆ ಮೊಬೈಲಿನಲ್ಲಿ ಕಳಿಸಬೇಕು. ೨೧೦೦. ದಿನವೂ ಮಳೆ, ಯಾರಿಗೂ ಬೇಡವಾದ ಮಳೆ. ಒಂದು ಬಾಗಿಲೂ ತೆರೆಯುವುದಿಲ್ಲ. ಈ ಸಲ ಯಾರೂ ಆಗಿಹೋಯಿತು ಎನ್ನಲಾರರು. ಖುಷಿಯಾಗಿದೆ.

೫:೪೦
ಕೊನೆಯ ಸಾಲು ಸಿಗುತ್ತಿಲ್ಲ. ಅದಕ್ಕೇ ಇಲ್ಲಿ ಗೀಚುತ್ತಿದ್ದೇನೆ. ತಗಡಿನ ಮೇಲೆ ಟಪಟಪ ಸದ್ದು. ಇವರು ಓಡಿದರು. ಅತ್ತೆಯೂ.

"ವಿದ್ಯಾ, ಮಳಿ ಬಂತವ್ವಾ. ಬಾ."

ಬಂದೆ ಎಂದೆ. ಏಳಲಿಲ್ಲ. ಇನ್ನೇನು, ಒಂದೇ ಸಾಲು. ಎರಚಲು ಹೊಡೆದು ಹಾಳೆ ತೋಯುತ್ತದೆಂದು ಎದ್ದು ಬಾಗಿಲು ಮುಚ್ಚಿ ಬಂದೆ. ಹೊರಗೆ ಎಲ್ಲರೂ ನಗುತ್ತಿದ್ದಾರೆ. ಅತ್ತೆ ಮತ್ತೆ ಕರೆಯಲಿಲ್ಲ. ಒಳಗೆ ನಾನೊಬ್ಬಳೇ, ಬಾಗಿಲು ಹಾಕಿಕೊಂಡು.

ಹಾಗಾದರೆ ಇದೂ ಆಗಿಹೋ—