ಕಿಟಕಿ ಪಕ್ಕದ ತಟ್ಟಿ

ಅಕ್ಟೋಬರ್ 5, ಶನಿವಾರ

ಅಟ್ಟ ತುಂಬಿತು. ಬೆಳಗ್ಗೆಯಿಂದ ಗೊಂಚಲು ಹರಡಿದ್ದೇ ಹರಡಿದ್ದು. ಬೆರಳು ಒಂದಕ್ಕೊಂದು ಅಂಟುತ್ತಿವೆ, ಈಗ ಪೆನ್ನಿಗೂ ಅಂಟು. ಈ ಸಲ ನೊಸಿಯೋಲಾ ದ್ರಾಕ್ಷಿ ಚೆನ್ನಾಗಿ ಬಂದಿದೆ. ಬಿಡಿಬಿಡಿ ಗೊಂಚಲು, ತೆಳು ಸಿಪ್ಪೆ. ಇನ್ನು ಈಸ್ಟರ್ ಮುಂಚಿನ ಪವಿತ್ರ ವಾರದವರೆಗೆ ಜೊಂಡಿನ ತಟ್ಟಿಗಳ ಮೇಲೆ ಮಲಗಿರಲಿ. ಒಣಗಲಿ, ಒಳಗೊಳಗೇ ಬೂಷ್ಟು ಹಿಡಿಯಲಿ. ಆ ಬೂಷ್ಟಿಲ್ಲದೆ ನಮ್ಮ ಸಿಹಿ ವೈನ್ ವೀನೊ ಸಾಂತೊ ಇಲ್ಲ, ಬರೀ ಸಕ್ಕರೆ ನೀರು.

ಸಂಜೆ ಮಾವನ ಜೊತೆ ಜಗಳ. ಮೇಲಿನ ತೋಟದ ತುದಿಯಲ್ಲಿದೆಯಲ್ಲ, ಆ ಒಂದು ಸಾಲಿನ ಬಗ್ಗೆ. ಅದು ಯಾವ ದ್ರಾಕ್ಷಿ ಎಂದು ಯಾರಿಗೂ ಗೊತ್ತಿಲ್ಲ. ಬಿಳಿಯದು, ದಪ್ಪ ಸಿಪ್ಪೆ. ಕಚ್ಚಿದರೆ ಮೊದಲು ಹುಳಿ, ಆಮೇಲೆ ಯಾವುದೋ ಸೊಪ್ಪಿನ ವಾಸನೆ. ಯಾವ ಸೊಪ್ಪು? ಮದುವೆಯಾಗಿ ಬಂದಾಗಿನಿಂದ ಯೋಚಿಸುತ್ತಿದ್ದೇನೆ. ಇಷ್ಟು ವರ್ಷ ಬೇರೆಯದರ ಜೊತೆ ಬೆರೆಸಿ ಸಹಕಾರಿ ಸಂಘಕ್ಕೆ ಹಾಕಿ ಕೈತೊಳೆದುಕೊಂಡೆವು. ಅದೊಂದರದ್ದೇ ವೈನ್ ಹೇಗಿರುತ್ತದೆಂದು ಈ ಮನೆಯಲ್ಲಿ ಒಬ್ಬರೂ ನೋಡಿಲ್ಲ. ಈಗ ಮಾವ ಅದನ್ನು ಕೀಳಿಸಿ ಮ್ಯುಲರ್ ದ್ರಾಕ್ಷಿ ಹಾಕಿಸುತ್ತಾರಂತೆ.

"ಹೆಸರಿಲ್ದಿರೋ ಗಿಡಕ್ಕೆ ನೆಲ ಯಾಕಮ್ಮ ದಂಡ?"

"ಅದರ ವೈನ್ ಹೆಂಗಿರತ್ತೆ ಅಂತ ಒಂದ್ಸಲನಾದ್ರೂ ನೋಡ್ಬೇಡ್ವಾ ಮಾವ?"

"ನಂಗೆ ಎಂಬತ್ತೊಂದಾಯ್ತು ಮಿರ್ತಾ. ಈ ವರ್ಷದ ನೊಸಿಯೋಲಾ ಕುಡೀದೆ ಸತ್ರೂ ಪರವಾಗಿಲ್ಲ, ಅದರ ರುಚಿ ನಂಗೊತ್ತು. ಗೊತ್ತಿಲ್ದೇ ಇರೋದನ್ನ ಶುರು ಮಾಡಿ ಹೋದ್ರೆ ಮಣ್ಣೊಳಗೂ ತಲೆ ಕೆರ್ಕೊಂಡು ಮಲಗ್ಬೇಕಾಗತ್ತೆ."

ನನ್ನ ಗಂಡ ಲಿವಿಯೊ ಮಧ್ಯೆ ಬಾಯಿ ಹಾಕಿದ. ಎಲೆ ಲ್ಯಾಬಿಗೆ ಕಳಿಸಿದರೆ ಹೆಸರು ಗೊತ್ತಾಗುತ್ತದಂತೆ. ಮಾವ, ನಾನು ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದೆವು. ಹೆಸರು ಕಟ್ಟಿಕೊಂಡು ಏನಾಗಬೇಕು? ರುಚಿ ಗೊತ್ತಾಗಬೇಕು.

ಕೊನೆಗೆ ಮಾವ ಆ ಸಾಲಿನ ಗೊಂಚಲಿಗೆ ಒಂದೇ ಒಂದು ತಟ್ಟಿ ಕೊಟ್ಟರು. "ಪವಿತ್ರ ವಾರದೊಳಗೆ ಗಡ್ಡ ಬಂದಿರ್ಬೇಕು. ಬರ್ಲಿಲ್ವೋ, ಈಸ್ಟರ್ ಕಳೆದ ಮಂಗಳವಾರ ಜೆಸಿಬಿ ಬರತ್ತೆ. ಆಮೇಲೆ ಮೂತಿ ಉಬ್ಬಿಸ್ಕೊಂಡು ಓಡಾಡೋ ಹಾಗಿಲ್ಲ."

ಗಡ್ಡ ಎಂದರೆ ಬೂಷ್ಟು. ಅಟ್ಟದಲ್ಲಿ ಗಡ್ಡ ಬಾರದ ದ್ರಾಕ್ಷಿಗೆ ಈ ಮನೆಯಲ್ಲಿ ಜಾಗವಿಲ್ಲ. ಮಾವನ ಕಾನೂನು, ಅವರಪ್ಪನದೂ ಅದೇ.

ತಟ್ಟಿಯನ್ನು ಸರೋವರದ ಕಡೆ ಕಿಟಕಿಯ ಪಕ್ಕವೇ ಇಟ್ಟೆ. ಮರ್ಯಾದೆಯ ಜಾಗ. ಓರಾ ಗಾಳಿ ಮೊದಲು ಮುಟ್ಟುವುದು ಅಲ್ಲೇ. ಈ ಕಣಿವೆಯಲ್ಲಿ ಯಾರ ಮನೆಯಲ್ಲಾದರೂ ಅತಿ ಒಳ್ಳೆಯ ಗೊಂಚಲು ಅಲ್ಲಿಗೇ ಹೋಗುತ್ತದೆ. ಮಾವ ನೋಡಿ ನಕ್ಕರು. "ಮದುವಣಗಿತ್ತಿ ಕೂರ್ಸಿದ ಹಾಗೆ ಕೂರ್ಸಿದ್ದೀಯಲ್ಲ."

ಅಕ್ಟೋಬರ್ 22

ಮಧ್ಯಾಹ್ನ ಓರಾ ಬೀಸಿದ ಕೂಡಲೇ ಕಿಟಕಿ ತೆಗೆ. ಸಂಜೆ ಮಂಜು ಏಳುವ ಮುಂಚೆ ಮುಚ್ಚು. ಇಷ್ಟೇ ಜೀವನ.

ಪಕ್ಕದ ಮನೆಯ ಪಿಯೆರಿನಾ ತಟ್ಟಿ ನೋಡಲೆಂದೇ ಅಟ್ಟ ಹತ್ತಿ ಬಂದಳು. ಒಂದು ಕಾಯಿ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು. "ಇದರಿಂದ ವೀನೊ ಸಾಂತೊನಾ? ಸಲಾಡಿಗೆ ಹುಯ್ಕೋ, ವಿನೆಗರ್ ಖರ್ಚು ಉಳಿಯತ್ತೆ."

ಆದರೆ ಇಳಿದು ಹೋಗುವಾಗ ಮೆಟ್ಟಿಲ ಮೇಲೆ ನಿಂತಳು. ನಾಲಿಗೆ ಚಪ್ಪರಿಸಿದಳು. "ಅದೇನೇ ಅದು, ಕೊನೇಲಿ ಬರೋದು?" ಗೊತ್ತಿಲ್ಲ ಎಂದೆ. ಸೋಂಪೂ ಅಲ್ಲ, ಪುದೀನವೂ ಅಲ್ಲ. ಅವಳ ತಲೆಗೂ ಹುಳ ಬಿಟ್ಟೆ. ಖುಷಿಯಾಯಿತು.

ಡಿಸೆಂಬರ್ 26

ಊಟಕ್ಕೆ ಎಲ್ಲರೂ. ಲಿವಿಯೊ ಹಳೆ ಆಟ ತೆಗೆದ. ಹೆಸರು ಕಾಣದ ಹಾಗೆ ವೈನ್ ಬಾಟಲಿಗಳಿಗೆ ಕಾಲುಚೀಲ ತೊಡಿಸಿ ಮಾವನಿಗೆ ಗ್ಲಾಸು ಕೊಡುತ್ತಾ ಹೋದ. ಮಾವ ಒಂದನ್ನೂ ತಪ್ಪಲಿಲ್ಲ. ತೆಳ್ಳಗಿನ ಸ್ಕ್ಯಾವಾ, ದಿನದ ಊಟದ್ದು. ಗ್ಲಾಸಿಗೇ ಬಣ್ಣ ಹಿಡಿಸುವ ತೆರೊಲ್ದೆಗೊ. ಮೂಗಿನ ಹತ್ತಿರ ತಂದ ಕೂಡಲೇ "ಮಾರ್ಜೆಮಿನೊ, ಮಕ್ಕಳಿಗೂ ಗೊತ್ತಾಗತ್ತೆ" ಎಂದು ತಳ್ಳಿದರು.

"ಬೇಜಾರಾಗಲ್ವಾ ಮಾವ, ಎಲ್ಲಾ ಗೊತ್ತಿದ್ರೆ?" ಎಂದೆ.

ನನ್ನನ್ನೇ ನೋಡಿದರು. ಎಲ್ಲರೂ ಎದ್ದು ಹೋದ ಮೇಲೆ, ಮೇಜಿನ ಮೇಲಿನ ಕೇಕಿನ ಪುಡಿ ಬೆರಳಲ್ಲಿ ಒತ್ತಿ ತಿನ್ನುತ್ತಾ ಕೇಳಿದರು: "ಆ ಸೊಪ್ಪಿನ ವಾಸ್ನೆ... ಒಣಗಿದ್ಮೇಲೂ ಇದ್ಯಾ?"

ಇದೆ ಎಂದೆ. "ಹೂಂ" ಎಂದು ಎದ್ದು ಹೋದರು.

ಜನವರಿ 30

ನೊಸಿಯೋಲಾಕ್ಕೆ ಗಡ್ಡ ಬಂದಿದೆ. ಕಾಯಿ ಬಿಡಿಸಿದರೆ ಒಳಗೆ ಬೂದು, ಮೆತ್ತಗೆ, ಜೇನಿನ ವಾಸನೆ. ನನ್ನ ತಟ್ಟಿಯಲ್ಲಿ ಏನೂ ಇಲ್ಲ. ಕ್ಲೀನ್. ಹೊಳೆಯುತ್ತಿವೆ, ಅಂಗಡಿ ಒಣದ್ರಾಕ್ಷಿ ಹಾಗೆ. ನೋಡಬಾರದು ಎಂದುಕೊಂಡು ಮತ್ತೆ ಹೋಗಿ ನೋಡಿದೆ.

ಮಾವ ಬಂದು ನೋಡಿ ಹಾಗೇ ಇಳಿದು ಹೋದರು. ಆಡಿಕೊಂಡಿದ್ದರೆ ವಾಸಿ ಇತ್ತು.

ಫೆಬ್ರವರಿ 23, ಭಾನುವಾರ

ಮೂರು ವಾರದಿಂದ ಬರೆದಿಲ್ಲ. ಬರೆಯಲು ಏನಿತ್ತು... ದಿನಾ ಅದೇ ಕ್ಲೀನ್ ದ್ರಾಕ್ಷಿ.

ಇವತ್ತು ಬ್ರೆಡ್ ಡಬ್ಬಿ ತೊಳೆಯಲು ತೆಗೆದರೆ ಒಳಗೆ ಒಂದು ತುಂಡು, ಪೂರ್ತಿ ಹಸಿರು ಬೂಷ್ಟು. ಅದೇ ಬ್ರೆಡ್ಡಿನ ಇನ್ನೊಂದು ತುಂಡು ಹಕ್ಕಿಗೆಂದು ಕಿಟಕಿ ಹತ್ತಿರ ಇಟ್ಟು ಮರೆತಿದ್ದೆ. ಅದು ಕಲ್ಲು. ಒಂದು ಚುಕ್ಕೆ ಬೂಷ್ಟಿಲ್ಲ.

ಡಬ್ಬಿ ಅಲ್ಲೇ ಬಿಟ್ಟು ಅಟ್ಟಕ್ಕೆ ಓಡಿದೆ. ಎಂಥ ಪೆದ್ದಿ ನಾನು. ಮೊದಲೇ ದಪ್ಪ ಸಿಪ್ಪೆ, ಅದರ ಮೇಲೆ ಹಗಲೆಲ್ಲ ಗಾಳಿ. ಬೂಷ್ಟು ಒಳಗೆ ಹೋಗುವುದು ಎಲ್ಲಿಂದ? ಮರ್ಯಾದೆ ಕೊಡಲು ಹೋಗಿ ನಾನೇ ಅದರ ಕುತ್ತಿಗೆ ಹಿಸುಕಿದೆ. ತಟ್ಟಿಯನ್ನು ಎತ್ತಿ ಬಡಗಣ ಗೋಡೆಯ ಮೂಲೆಗೆ ಒಯ್ದೆ. ತೇವ ಕೂರುವ ಜಾಗ, ಮುರಿದ ಏಣಿ ಇಡುವಲ್ಲಿ. ಅಲ್ಲಿ ದ್ರಾಕ್ಷಿ ಇಟ್ಟಿದ್ದನ್ನು ಯಾರೂ ನೋಡಿಲ್ಲ. ನಾಯಿಯೂ ಮಲಗುವುದಿಲ್ಲ.

ತಿರುಗಿದರೆ ಬಾಗಿಲಲ್ಲಿ ಮಾವ. ಕೋಪ ಬಂತು.

"ದಪ್ಪ ಸಿಪ್ಪೆಗೆ ಕಿಟಕಿ ಗಾಳಿ ಆಗ್ಬರಲ್ಲ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ರಾ?"

"ನಾನಾಗಿದ್ರೂ ಅಲ್ಲೇ ಇಡ್ತಿದ್ದೆ ಕಣಮ್ಮ." ಏಣಿಯನ್ನು ಆ ಕಡೆ ಸರಿಸಿ ತಟ್ಟಿಗೆ ಜಾಗ ಮಾಡಿದರು. "ಒಳ್ಳೇದು ಕಿಟಕಿ ಪಕ್ಕ. ಅಷ್ಟೇ ಹೇಳ್ಕೊಟ್ಟಿದ್ರು ನಮಗೆ. ಇದಕ್ಕೆ ಏನು ಬೇಕು ಅಂತ ಯಾರು ಕೇಳಿದ್ರು?"

ಸುಳ್ಳು ಹೇಳುವ ಮುಖವಲ್ಲ ಅವರದು.

ಮಾರ್ಚ್ 22

ಬಂತು. ಒಂದೇ ಗೊಂಚಲು, ಗೋಡೆಗೆ ತಾಗಿದ್ದು. ಆದರೆ ಬಂತು.

ಏಪ್ರಿಲ್ 16, ಪವಿತ್ರ ಬುಧವಾರ

ಹಿಂಡಿದ್ದಾಯಿತು. ಬೆನ್ನು ಸತ್ತಿದೆ.

ನನ್ನ ತಟ್ಟಿಯನ್ನು ಮಾವ ಕೊನೆಗೆ ಇಟ್ಟುಕೊಂಡರು. ಕನ್ನಡಕ ಹಾಕಿಕೊಂಡು ಒಂದೊಂದೇ ಗೊಂಚಲು ತಿರುಗಿಸಿ ನೋಡಿದರು. ಅರ್ಧಕ್ಕೆ ಗಡ್ಡ, ಅರ್ಧಕ್ಕಿಲ್ಲ. ಅವರ ಕಾನೂನಿನಲ್ಲಿ ಅರ್ಧಕ್ಕೆ ಏನು ಎಂದು ಇಲ್ಲ.

"ಪಾಸಾ, ಫೇಲಾ?" ಲಿವಿಯೊ ಕೇಳಿದ.

"ಬಾಯ್ಮುಚ್ಕೊಂಡು ಹಿಂಡು."

ರಸ ಬಂದದ್ದು ಎಷ್ಟು, ಎಲ್ಲಕ್ಕಿಂತ ಚಿಕ್ಕ ಪೀಪಾಯಿಗೂ ತಳ ಮುಚ್ಚಿ ಸ್ವಲ್ಪ ಮೇಲೆ. ಮಾವ ಬೆರಳು ಅದ್ದಿ ನೆಕ್ಕಿದರು.

"ಸಿಹಿ" ಎಂದರು. "ಈಗ ಎಲ್ಲಾದೂ ಸಿಹೀನೇ. ಇದು ಏನು ಅಂತ ಪೀಪಾಯಿಯೊಳಗೆ ಐದಾರು ವರ್ಷ ಇದ್ಮೇಲೆ ಗೊತ್ತಾಗೋದು."

"ಹಂಗಾದ್ರೆ ಮಂಗಳವಾರ ಯಾಕೆ ಕೀಳಿಸ್ತೀರಿ? ಐದು ವರ್ಷ ಆದ್ಮೇಲೆ ಚೆನ್ನಾಗಿದೆ ಅಂತ ಗೊತ್ತಾದ್ರೆ ಗಿಡ ಎಲ್ಲಿಂದ ತರೋದು?"

ಬೆರಳನ್ನು ಮತ್ತೆ ಬಾಯಿಗಿಟ್ಟುಕೊಂಡು ಹೊರಗೆ ಹೋದರು. ಜೆಸಿಬಿಗೆ ಬೇಡವೆಂದು ಫೋನ್ ಮಾಡಲಿಲ್ಲ. ಮಾಡುತ್ತಾರೇನೋ ಎಂದು ರಾತ್ರಿಯವರೆಗೂ ಕಿವಿ ಅಲ್ಲೇ ಇತ್ತು.

ಏಪ್ರಿಲ್ 22, ಮಂಗಳವಾರ

ಬೆಳಗ್ಗೆಯೇ ಬಂತು ಹಾಳಾದ್ದು. ರಸ್ತೆ ತಿರುವಿನಲ್ಲಿ ಸದ್ದು ಕೇಳಿದ ಕೂಡಲೇ ಕಾಫಿ ಬಿಟ್ಟು ಹೊರಟೆ. ಮೇಲಿನ ತೋಟದಲ್ಲಿ ಆ ಸಾಲು ಚಿಗುರಿತ್ತು. ಬೇರೆ ಎಲ್ಲಕ್ಕಿಂತ ತಡ, ಈಗಷ್ಟೇ ಬೆರಳುಗುರಿನಷ್ಟು ಎಲೆ. ಅಳು ಬಂತು.

ಮಾವ ನನಗಿಂತ ಮುಂಚೆ ಹೋಗಿದ್ದರು. ಈ ಮೊಣಕಾಲು ಇಟ್ಟುಕೊಂಡು ಆ ಏರು ಹೇಗೆ ಹತ್ತಿದರೋ. ಸಾಲಿನ ಮುಂದೆ ಹಳೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಜೆಸಿಬಿಯ ಓಸ್ವಾಲ್ದೊ ಇಂಜಿನ್ ಆಫ್ ಮಾಡಿ ಕೆಳಗಿಳಿದು ತಲೆ ಕೆರೆಯುತ್ತಿದ್ದ.

"ಇವತ್ತು ಬಾ ಅಂದೋರು ನೀವೇ ಅಲ್ವಾ ಯಜಮಾನ್ರೇ?"

"ಅಂದೆ. ಈಗ ಐದು ವರ್ಷ ಬಿಟ್ಟು ಬಾ ಅಂತಿದ್ದೀನಿ."

"ಐದು ವರ್ಷಕ್ಕೆ ನೀವು..." ಅವನು ಅಲ್ಲಿಗೇ ನಿಲ್ಲಿಸಿದ.

"ಇರ್ತೀನಿ. ಇರ್ಲೇಬೇಕಲ್ಲ ಈಗ." ಕೋಲಿನಿಂದ ನನ್ನ ಕಡೆ ತೋರಿಸಿದರು. "ಎಲ್ಲಾ ಈ ಮಹಾತಾಯಿ ಕೆಲ್ಸ. ನೆಮ್ಮದಿಯಾಗಿ ಸಾಯಕ್ಕೂ ಬಿಡ್ಲಿಲ್ಲ."

ಇಳಿಯುವಾಗ ನನ್ನ ತೋಳು ಹಿಡಿದುಕೊಂಡರು. ಮೊದಲ ಸಲ. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದರು.

ಮೇ 11, ಭಾನುವಾರ

ಮಾವ ಬೆಳಗ್ಗೆ ಸಂಜೆ ನೆಲಮಾಳಿಗೆಯಲ್ಲಿ. ಬೇರೆ ಪೀಪಾಯಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಚಿಕ್ಕದಕ್ಕೆ ಕಿವಿ ಇಟ್ಟು ಕೂರುತ್ತಾರೆ. ನೊಸಿಯೋಲಾ ರಸ ಆಗಲೇ ಹುದುಗು ಬಂದು ಕುದಿಯತೊಡಗಿದೆ, ಇದು ಮಾತ್ರ ಸುಮ್ಮನಿದೆ. ಪಿಯೆರಿನಾ ಬೇಲಿಯಾಚೆಯಿಂದ ದಿನಾ ಕೇಳುತ್ತಾಳೆ, "ಮಾತಾಡ್ತಾ ಅದು?"

ಮಾವನಿಗೆ ಈಗ ಹೊಸ ಅನುಮಾನ. ಆ ವಾಸನೆ ಸೊಪ್ಪಿನದಲ್ಲ, ಸೊಪ್ಪಿನ ಬೇರಿನದಂತೆ. ಯಾವ ಬೇರು ಎಂದರೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವಾಗ ಮುಖ ನೋಡಬೇಕು, ಹತ್ತು ವರ್ಷ ಕಮ್ಮಿ.

ಈಗ ಕೆಳಗಿನಿಂದ ಕೂಗುತ್ತಿದ್ದಾರೆ. ಮಿರ್ತಾ, ಬೇಗ ಬಾ, ಕಿವಿ ತಗೊಂಡ್ ಬಾ, ಒಳಗೇನೋ ಚಿಟಿಚಿಟಿ ಅಂತಿದೆ —