ಬೀಳಿಸಲು ಒಂದು ನೆಲ ಕೊಡಿ

ಮಾನ್ಯ ಕ್ರೀಡಾಧಿಕಾರಿಗಳೇ,

ಹೊಟ್ಟೆಕಿಚ್ಚಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಅದನ್ನು ಕಂಡುಹಿಡಿಯುವ ಶ್ರಮ ತಮಗೆ ಬೇಡವೆಂದು ಮೊದಲೇ ಹೇಳಿಬಿಟ್ಟೆ. ಮಕ್ಕಳಿಗೆ ವೇಟ್‌ಲಿಫ್ಟಿಂಗ್ ಕಲಿಸುವ ನಾನು, ಎತ್ತಿದ ಭಾರವನ್ನು ಧೈರ್ಯವಾಗಿ ಬೀಳಿಸಬಲ್ಲ, ರಬ್ಬರ್ ಹಾಸಿನ ಮರದ ವೇದಿಕೆಯೊಂದು ಬೇಕೆಂದು ಮೂರು ಅರ್ಜಿ ಹಾಕಿದ್ದೆ. ತಾವು ಅದನ್ನು ಈ ವರ್ಷವಷ್ಟೇ ಬಂದ ಹೊಸ ತರಬೇತುದಾರನಿಗೆ ಕೊಟ್ಟಿರಿ. ಆತ ಅರ್ಜಿಯನ್ನೇ ಹಾಕಿರಲಿಲ್ಲವಂತೆ. ಕೇಳದವರಿಗೆ ಕೊಡುವುದೇ ಕಚೇರಿಯ ನಿಯಮವೆಂದು ತಿಳಿದಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲವೇ?

ನನ್ನ ತರಗತಿ ಇರುವುದು ಮೊದಲ ಮಹಡಿಯಲ್ಲಿ. ಕೆಳಗೆ ಹಲ್ಲಿನ ಡಾಕ್ಟರು. ಮೊದಲ ದಿನವೇ ಅವರು ಮೆಟ್ಟಿಲೇರಿ ಬಂದು, "ಮೇಡಂ, ನೀವು ಮೇಲೆ ಕಬ್ಬಿಣ ಬೀಳ್ಸಿದ್ರೆ ನಾನು ಕೆಳಗೆ ಗಟ್ಟಿ ಹಲ್ಲನ್ನೇ ಕಿತ್ತುಬಿಡ್ತೀನಿ, ನೋಡಿ" ಎಂದರು. ಹಾಗಾಗಿ ನನ್ನ ಮಕ್ಕಳು ಮೊದಲು ಪೊರಕೆಕೋಲು, ಆಮೇಲೆ ಹಗುರವಾದ ಸರಳು ಹಿಡಿದು ಪಾದ, ಬೆನ್ನು, ಮೊಣಕೈ ಎಲ್ಲವನ್ನೂ ಸರಿಯಾಗಿ ಕಲಿತರು. ಎತ್ತಿದ್ದನ್ನು ನಿದ್ದೆಹೋದ ಕೂಸನ್ನು ಮಲಗಿಸುವಂತೆ ಇಳಿಸುವುದನ್ನೂ ಕಲಿತರು. ಸದ್ದು ಮಾಡಿದವರಿಗೆ ಹತ್ತು ಬಸ್ಕಿ. ಅದು ಶಿಸ್ತೆಂಬ ಹೆಮ್ಮೆ ಬೇರೆ ನನಗೆ.

ಕಳೆದ ಭಾನುವಾರದ ಮಕ್ಕಳ ಸ್ಪರ್ಧೆಯಲ್ಲಿ ತಾವು ಮುಂದಿನ ಸಾಲಿನಲ್ಲೇ ಕೂತಿದ್ದಿರಿ. ಹನ್ನೆರಡು ವರ್ಷದ ನನ್ನ ಮಗಳು ಸರಳನ್ನು ತಲೆಯ ಮೇಲೆತ್ತಿದಳು. ಅದು ಹಿಂದಕ್ಕೆ ವಾಲಿತು. ಕೈಬಿಟ್ಟು ಮುಂದಕ್ಕೆ ಜಿಗಿದಿದ್ದರೆ ಮುಗಿಯುತ್ತಿತ್ತು. ಅವಳು ಬಿಡಲಿಲ್ಲ, ನಾನು ಅದನ್ನು ಕಲಿಸಿರಲೇ ಇಲ್ಲ. ಮೊಣಕೈ ಉಳುಕಿತು. ಆ ಹೊಸಬನ ಶಿಷ್ಯೆಯೊಬ್ಬಳು ಅದೇ ತೂಕವನ್ನು ಎತ್ತಲಾಗದೆ ಧಡ್ಡೆಂದು ಬೀಳಿಸಿ, ಕೈಕೊಡವಿ, ನಗುತ್ತಾ ಹೊರಟುಹೋದಳು. ಆ ಸದ್ದಿಗೆ ನನ್ನ ಹೊಟ್ಟೆ ಉರಿದುಹೋಯಿತು.

ಕೈಗೆ ಪಟ್ಟಿ ಕಟ್ಟಿಸಿಕೊಂಡ ಮಗಳು ದಾರಿಯಲ್ಲಿ ಕೇಳಿದಳು: "ಅಮ್ಮಾ, ಅಲ್ಲಿ ಮೊದಲ್ನೇ ವಾರ ಬರೀ ಬೀಳ್ಸೋದನ್ನೇ ಹೇಳ್ಕೊಡ್ತಾರಂತೆ. ಕೈ ವಾಸಿ ಆದ್ಮೇಲೆ ನಾನೂ ಅಲ್ಲಿಗೆ ಹೋಗ್ಲಾ?"

ಆತ ಕೆಟ್ಟ ಗುರುವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮರುದಿನ ಅವನ ತರಗತಿಯ ಕಿಟಕಿಯಾಚೆ ಒಂದು ಗಂಟೆ ನಿಂತು ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ.

ಅವನ ವೇದಿಕೆಯನ್ನು ಕಿತ್ತು ನನಗೆ ಕೊಡಿ ಎಂಬ ಮಾತು ನಾಲಿಗೆ ತುದಿಗೆ ಬಂದಿದೆ, ನುಂಗಿಕೊಳ್ಳುತ್ತೇನೆ. ನೆಲಮಹಡಿಯಲ್ಲಿ ಒಂದು ಕೋಣೆ, ಅದರೊಳಗೆ ಒಂದು ವೇದಿಕೆ, ಇಷ್ಟೇ ನನ್ನ ಬೇಡಿಕೆ. ಮಗಳ ಕೈ ವಾಸಿಯಾಗಲು ಆರು ವಾರ ಬೇಕಂತೆ. ತಮಗಿರುವ ಗಡುವೂ ಅಷ್ಟೇ. ಅಷ್ಟರೊಳಗೆ ಕೊಡದಿದ್ದರೆ ಏಳನೆಯ ವಾರ ನಾನೇ ಅವಳನ್ನು ಅವನ ಬಾಗಿಲಿಗೆ ಬಿಟ್ಟು ಬರುತ್ತೇನೆ. ಅವಳು ಮೊದಲ ಸಲ ನಿರ್ಭಯವಾಗಿ ಬೀಳಿಸುವ ಸದ್ದನ್ನು ಆ ಕಿಟಕಿಯಾಚೆ ನಿಂತು ಕೇಳುವ ಗತಿ ನನಗೆ ತರಬೇಡಿ.

ಇಂತಿ,
ಹನ್ನೊಂದು ವರ್ಷ ಸದ್ದಿಲ್ಲದೆ ಪಾಠ ಮಾಡಿದ
ಹಲ್ಲಿನ ಡಾಕ್ಟರ ಮೇಲಿನ ಮಹಡಿಯ ಮೇಡಂ