ಹತ್ತರವರೆಗೆ ಎಣಿಸುವುದು

ಹಾಸ್ಟೆಲ್, ರೂಮ್ ನಂಬರ್ 214
ನವೆಂಬರ್ 17, ಭಾನುವಾರ

ಪ್ರೀತಿಯ ಅಕ್ಕಾ,

ಮೊದಲು ಸಾರಿ. ನೀನು ಕಾಗದ ಬರೆದು ಎರಡು ತಿಂಗಳಾಯಿತು. ಫೋನ್ ಮಾಡಿದಾಗೆಲ್ಲ "ಬರೀತಾ ಇದೀನಿ ಕಣೇ, ಅರ್ಧ ಆಗಿದೆ" ಅಂದೆನಲ್ಲ, ಅದು ಸುಳ್ಳು. ಅರ್ಧವೂ ಇಲ್ಲ, ಕಾಲೂ ಇಲ್ಲ. "ಪ್ರೀತಿಯ ಅಕ್ಕಾ" ಅನ್ನುವುದೊಂದನ್ನೇ ಆರು ಹಾಳೆಗಳ ಮೇಲೆ ಬರೆದು ಬಿಟ್ಟಿದ್ದೆ. ಇದು ಏಳನೆಯದು. ಪಾಪು ಹೇಗಿದ್ದಾನೆ? ಬೋರಲು ಬೀಳುತ್ತಾನಂತೆ, ಅಮ್ಮ ಹೇಳಿದಳು. ಅವನ ಫೋಟೋವನ್ನು ನನ್ನ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಬಟ್ಟೆ ತೆಗೆಯುವಾಗೆಲ್ಲ ಗುರಾಯಿಸುತ್ತಾನೆ, ಥೇಟ್ ನೀನೇ.

ನೀನು ಕೇಳಿದ್ದು ಒಂದೇ ಒಂದು. "ಆ ಮಧ್ಯಾಹ್ನ ಅಪ್ಪನ ಹತ್ರ ಇದ್ದವಳು ನೀನೊಬ್ಬಳೇ. ಹತ್ತು ದಿನದ ಬಾಣಂತಿ ಅಂತ ನನ್ನನ್ನ ಯಾರೂ ಹೊರಡೋಕೆ ಬಿಡಲಿಲ್ಲ. ಅವತ್ತು ಏನೇನಾಯ್ತು ಬರೆದು ಕಳಿಸು. ಫೋನಲ್ಲಿ ಬೇಡ, ಇಬ್ಬರೂ ಅತ್ತು ಕೆಡಿಸ್ತೀವಿ." ಅದಕ್ಕೆ ಉತ್ತರ ಈ ಕಾಗದದಲ್ಲೇ ಇದೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಆಗುತ್ತಿಲ್ಲ. ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ. ಬೈಕೋಬೇಡ.

ನಿನಗೂ ಅಮ್ಮನಿಗೂ ಹೇಳದೆ ಮುಚ್ಚಿಟ್ಟ ಸುದ್ದಿಯೊಂದಿದೆ. ಸೆಪ್ಟೆಂಬರಿನ ಇಂಟರ್ನಲ್ಸ್ ನಾನು ಬರೆದಿಲ್ಲ. ಪರೀಕ್ಷೆಯ ಹಾಲಿಗೆ ಹೋದೆ, ಕೂತೆ, ರೋಲ್ ನಂಬರ್ ಬರೆದೆ. "ಸ್ಟಾರ್ಟ್" ಅಂದರು. ತಲೆಯೆತ್ತಿ ಗೋಡೆಗಡಿಯಾರ ನೋಡಿದೆ, ಮಧ್ಯಾಹ್ನ ಸರಿಯಾಗಿ ಎರಡು ಗಂಟೆ. ಅಷ್ಟೇ. ಎದೆಯ ಮೇಲೆ ಯಾರೋ ಮಂಡಿಯೂರಿದ ಹಾಗಾಯಿತು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದೇ ಇಲ್ಲ. ಪೇಪರನ್ನು ಅಲ್ಲೇ ಬಿಟ್ಟು ಓಡಿ ಹೋಗಿ ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡು ಕೂತೆ. ಮಾರನೇ ದಿನವೂ ಅದೇ ಕಥೆ. ಮೂರನೇ ದಿನ ಹಾಲಿನ ಕಡೆಗೇ ಹೋಗಲಿಲ್ಲ.

ವಾರ್ಡನ್ ಮೇಡಂ ಕರೆಸಿದರು. "ನೋಡಮ್ಮ, ಡಾಕ್ಟ್ರು ಹಾರ್ಟು ಕಲ್ಲಿನ ಹಾಗಿದೆ ಅಂತಾರೆ. ಕೆಟ್ಟಿರೋದು ತಲೆ. ನಲವತ್ತು ದಿನ ಲೈಬ್ರರಿ ಸಾರ್ ಹತ್ರ ಧ್ಯಾನಕ್ಕೆ ಕೂತ್ಕೋ. ಅವರು ಸೈನ್ ಹಾಕಿ ಕೊಟ್ರೆ ಡಿಸೆಂಬರಿನಲ್ಲಿ ಮರುಪರೀಕ್ಷೆಗೆ ಬಿಡ್ತಾರೆ. ಇಲ್ಲಾಂದ್ರೆ ಒಂದು ವರ್ಷ ನೀರಲ್ಲಿ ಹೋಮ" ಅಂದರು.

ಲೈಬ್ರರಿ ಸಾರ್‌ಗೆ ಇಲ್ಲಿ ಎಲ್ಲರೂ ಇಟ್ಟಿರುವ ಹೆಸರು ಶ್ ಸಾರ್. ಇಪ್ಪತ್ತೆಂಟು ವರ್ಷದಿಂದ ಬಾಯಿಗೆ ಬೆರಳಿಟ್ಟು "ಶ್" ಅನ್ನುವುದೇ ಕೆಲಸ. ಹುಡುಗರ ಬಾಯಿ ಮುಚ್ಚಿಸಿ ಮುಗಿಯಿತು, ಈಗ ಮನಸ್ಸಿನ ಬಾಯಿ ಮುಚ್ಚಿಸಲು ಹೊರಟಿದ್ದಾರೆ ಅಂತ ಎಲ್ಲರೂ ನಗುತ್ತಾರೆ. ನನ್ನ ರೂಮ್‌ಮೇಟನ್ನು ನಾವು ಅಲಾರಂ ಅನ್ನುತ್ತೇವೆ, ಐದು ಅಲಾರಂ ಹೊಡೆದರೂ ಏಳದವಳು. ಅವಳಂತೂ, "ಸುಮ್ನೆ ಕೂರೋಕೂ ಕ್ಲಾಸಾ? ಹುಟ್ಟಿದಾಗಿನಿಂದ ನಾನು ಮಾಡ್ತಿರೋದೇ ಅದು, ನಂಗ್ಯಾರೂ ಸೈನ್ ಹಾಕ್ಲಿಲ್ವಲ್ಲೇ" ಅಂದಳು.

ಬೆಳಿಗ್ಗೆ ಆರೂವರೆಗೆ ರೀಡಿಂಗ್ ರೂಮಿನಲ್ಲಿ ಕೂರುತ್ತೇವೆ. ಏಳು ಜನ. ಕಬ್ಬಿಣದ ಕುರ್ಚಿಗಳು, ಹಳೆ ಪೇಪರಿನ ವಾಸನೆ, ಒಂದು ರೆಕ್ಕೆ ಸೊಟ್ಟಗಾದ ಫ್ಯಾನು. ಮೊದಲ ದಿನ ಸಾರ್ ಹೇಳಿದ್ದು ಇಷ್ಟೇ: "ಕಣ್ಣು ಮುಚ್ಚಿ. ಉಸಿರು ಬಿಟ್ಟಾಗ ಒಂದು. ಮತ್ತೆ ಬಿಟ್ಟಾಗ ಎರಡು. ಹತ್ತಾದ ಮೇಲೆ ವಾಪಸ್ ಒಂದು. ನಡುವೆ ಮನಸ್ಸು ಎದ್ದು ಹೋಯ್ತಾ? ಬೈಬೇಡಿ. ಕರ್ಕೊಂಡು ಬಂದು ಮತ್ತೆ ಒಂದರಿಂದ ಶುರು ಮಾಡಿ. ಲೈಬ್ರರಿ ಪುಸ್ತಕ ಇದ್ದ ಹಾಗೆ, ಹೋಗುತ್ತೆ, ಬರುತ್ತೆ. ಇಲ್ಲಿ ಫೈನ್ ಇಲ್ಲ." ಆಮೇಲೆ ಪುಸ್ತಕ ಕೊಡುವಾಗ ಬಳಸುವ ಹಳದಿ ಕಾರ್ಡನ್ನೇ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಅವತ್ತು ಎಷ್ಟು ಸಲ ತಪ್ಪದೆ ಹತ್ತು ಮುಟ್ಟಿದೆವೋ ಆ ಸಂಖ್ಯೆಯನ್ನು ತಾರೀಖಿನ ಮುಂದೆ ಬರೆಯಬೇಕು.

ಅಕ್ಕಾ, ಹತ್ತರವರೆಗೆ ಎಣಿಸುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಒಂದು. ಎರಡು. ಮೂರು. ಅಷ್ಟರಲ್ಲಿ ಬಲಗೈ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಡಚಿಕೊಂಡು ಪೆನ್ನು ಹುಡುಕುತ್ತವೆ. ನಾಲ್ಕು ಅನ್ನುವಷ್ಟರಲ್ಲಿ ಕತ್ತಿನ ಹಿಂದೆ ಬೆವರು. ಪಕ್ಕದವರ ಉಸಿರು ನನ್ನ ಉಸಿರಿಗಿಂತ ಜೋರಾಗಿ ಕೇಳಿಸುತ್ತದೆ. ಅದು ಒಂದು ಕ್ಷಣ ನಿಂತರೆ ಸಾಕು, ನನ್ನ ಕಣ್ಣು ತೆರೆದುಕೊಳ್ಳುತ್ತದೆ.

ಅಪ್ಪ ನೆನಪಾಗುತ್ತಿದ್ದ. ನಿನಗೂ ನನಗೂ ಡ್ರೈವಿಂಗ್ ಕಲಿಸುವಾಗ ಹೇಳುತ್ತಿದ್ದನಲ್ಲ, "ಕ್ಲಚ್ಚನ್ನ ಹಾವಿನ ಬಾಲದ ಮೇಲಿಂದ ಕಾಲು ತೆಗೆಯೋ ಹಾಗೆ ಬಿಡು. ಹೆದರಬೇಡ ಸೆಕೆಂಡು, ನನ್ನ ಕಡೆಗೂ ಒಂದು ಬ್ರೇಕ್ ಇದೆ" ಅಂತ. ನೀನು ಫಸ್ಟ್ ಗೇರು, ನಾನು ಸೆಕೆಂಡ್ ಗೇರು. ಮೂವತ್ತು ವರ್ಷ ಕಲಿಯುವವರ ಪಕ್ಕ ಕೂತು ಅವನ ಬಲಗಾಲಿಗೆ ಆ ಬ್ರೇಕ್ ಒತ್ತುವುದೇ ಅಭ್ಯಾಸವಾಗಿ ಹೋಗಿತ್ತು. ನಿದ್ದೆಯಲ್ಲೂ ಮಂಚದ ಹಲಗೆಗೆ ಧಡ್ ಅಂತ ಒದೆಯುತ್ತಿದ್ದ. ಬೆಳಿಗ್ಗೆ ಅಮ್ಮ, "ನಿನ್ನೆ ಯಾರನ್ನ ಉಳಿಸಿದ್ರಿ?" ಅಂತ ಕೇಳುತ್ತಿದ್ದಳು. "ಒಬ್ಬ ಮುದುಕ, ಎರಡು ಎಮ್ಮೆ" ಅನ್ನುತ್ತಿದ್ದ. ಕ್ಲಚ್ಚಿನ ಹಾಗೆ ಉಸಿರು ಬಿಡಲು ನೋಡಿದೆ. ಆಗಲಿಲ್ಲ.

ಹಾಗಾದರೆ ಕಾರ್ಡಿನಲ್ಲಿ ಏನು ಬರೆದೆ? ನೀನು ಮನೆಯಿಂದ ಶಾಲೆಗೆ ಹೋಗಿ ಬಂದವಳು, ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ಒಂದು ವಿದ್ಯೆ ಬರುತ್ತದೆ. ಲ್ಯಾಬಿನಲ್ಲಿ ಪ್ರಯೋಗ ಮಾಡದೆ ರೀಡಿಂಗ್ ಬರೆಯುವುದು. ಸೀನಿಯರ್ ಅಕ್ಕಂದಿರು ಇದನ್ನು ಸ್ನಾನದ ಸರದಿಯ ಹಾಗೆ ಶಿಸ್ತಾಗಿ ಕಲಿಸುತ್ತಿದ್ದರು. "ಒಂದೇ ನಂಬರ್ ಬರೀಬೇಡ್ವೇ, ಸಿಕ್ಕಿಬೀಳ್ತೀಯ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಒಂದು ಕಡೆ ಹೊಡೆದು ತಿದ್ದು, ಆಗ ನಿಜ ಅನ್ಸುತ್ತೆ." ಅದರಲ್ಲಿ ನಾನು ಎತ್ತಿದ ಕೈ. ಲ್ಯಾಬ್ ರೆಕಾರ್ಡಿಗೆ ಪ್ರೈಜ್ ಬಂದಿತ್ತಲ್ಲ, ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲೆಲ್ಲ ತೋರಿಸಿಕೊಂಡು ಬಂದಿದ್ದನಲ್ಲ, ಅದು ಹಾಗೆ ಬಂದದ್ದು.

ಕಾರ್ಡನ್ನೂ ಹಾಗೇ ತುಂಬಿದೆ. ಮೊದಲ ವಾರ ಒಂದು, ಒಂದು, ಎರಡು. ಆಮೇಲೆ ಮೂರು, ಎರಡು, ನಾಲ್ಕು. ಇಪ್ಪತ್ತೊಂಬತ್ತನೇ ದಿನಕ್ಕೆ ಒಂಬತ್ತಕ್ಕೆ ತಂದು ನಿಲ್ಲಿಸಿದ್ದೆ. ಅವತ್ತು ಎಲ್ಲರೂ ಎದ್ದು ಹೋದ ಮೇಲೆ ಶ್ ಸಾರ್ ನನ್ನನ್ನು ನಿಲ್ಲಿಸಿ, ಕನ್ನಡಕ ಹಣೆಗೇರಿಸಿಕೊಂಡು ಕಾರ್ಡ್ ನೋಡಿದರು.

"ಚೆನ್ನಾಗಿದೆ ಮಗಳೇ. ತುಂಬಾನೇ ಚೆನ್ನಾಗಿದೆ. ಮೆಟ್ಟಿಲು ಹತ್ತಿದ ಹಾಗಿದೆ."

"ಪ್ರಾಕ್ಟೀಸ್ ಮಾಡ್ತೀನಿ ಸಾರ್."

"ನಾನು ಹತ್ತೊಂಬತ್ತು ವರ್ಷದಿಂದ ಕೂರ್ತಾ ಇದೀನಿ. ಇವತ್ತು ನಂದು ಎಷ್ಟು ಗೊತ್ತಾ? ಸೊನ್ನೆ. ಎರಡಕ್ಕೆ ಬಂದಾಗ ಕೊಳಾಯಿ ನಿಲ್ಲಿಸಿದ್ನೋ ಇಲ್ವೋ ಅಂತ ಮನೆಗೆ ಹೋದವನು ವಾಪಸ್ ಬರ್ಲೇ ಇಲ್ಲ." ಕಾರ್ಡನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಕೇಳಿದರು, "ನೀನು ನಿಜವಾಗ್ಲೂ ಎಷ್ಟರವರೆಗೆ ಹೋಗ್ತೀಯ?"

"ನಾಲ್ಕು ಸಾರ್."

ಬೈಯುತ್ತಾರೆ, ಸೈನ್ ಹಾಕುವುದಿಲ್ಲ, ವರ್ಷ ಹೋಯಿತು ಅಂದುಕೊಂಡೆ. ಅವರು ಡ್ರಾಯರ್ ಎಳೆದು ಹೊಸ ಕಾರ್ಡ್ ತೆಗೆದರು. "ಸೊನ್ನೆ ಅಂತ ಬರಿ. ನಾನು ಸೈನ್ ಹಾಕೋದು ಕೂತಿದ್ದಕ್ಕೆ, ಗೆದ್ದಿದ್ದಕ್ಕಲ್ಲ. ಆದ್ರೆ ಬರೆದಿದ್ದು ನಿಜ ಇರ್ಬೇಕು. ನೋಡದೇ ಬರೆದ್ರೆ ನೀನು ಅಲ್ಲಿ ಇರ್ಲೇ ಇಲ್ಲ ಅಂತ ಅರ್ಥ." ನಾನು ಅತ್ತುಬಿಟ್ಟೆ ಅಕ್ಕಾ. ಅವರು ಗಾಬರಿಯಾಗಿ ಅಭ್ಯಾಸಬಲದಿಂದ "ಶ್" ಅಂದರು, ಆಮೇಲೆ ತಾವೇ ನಾಚಿಕೊಂಡು ನೀರು ತಂದುಕೊಟ್ಟರು. "ಉಸಿರು ಅಂದ್ರೆ ಯಾಕಮ್ಮ ಇಷ್ಟು ಭಯ?" ಅಂತ ಕೇಳಿದರು. ಹೇಳಲಿಲ್ಲ. ಅದನ್ನು ಮೊದಲು ಕೇಳಬೇಕಾದವಳು ನೀನು.

ಆಮೇಲೆ ಹನ್ನೊಂದು ದಿನ ಬರೀ ಸೊನ್ನೆ ಬರೆದೆ. ನಿನ್ನೆಗೆ ನಲವತ್ತು ಮುಗಿಯಿತು. ಸೈನ್ ಸಿಕ್ಕಿದೆ. ಮರುಪರೀಕ್ಷೆ ಡಿಸೆಂಬರ್ ಎರಡಕ್ಕೆ.

ಈಗ ಆ ಮಧ್ಯಾಹ್ನ.

ಅಪ್ಪನ ಶ್ವಾಸಕೋಶ ಮುಗಿದಿತ್ತು, ಇನ್ನು ಆಸ್ಪತ್ರೆಯಿಂದ ಉಪಯೋಗವಿಲ್ಲ ಅಂತ ಮನೆಗೆ ಕಳಿಸಿದ್ದರು, ಅದು ನಿನಗೆ ಗೊತ್ತು. ದಿನಕ್ಕೆರಡು ಸಲ ಬರುತ್ತಿದ್ದ ನರ್ಸಮ್ಮ ಒಂದು ಗೆರೆ ಹಾಕಿದ ಹಾಳೆ ಕೊಟ್ಟಿದ್ದರು. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಪೂರ್ತಿ ಅಪ್ಪನ ಎದೆ ನೋಡಿ, ಉಸಿರು ಎಣಿಸಿ, ಅದರಲ್ಲಿ ಬರೆಯಬೇಕು. "ಮೂವತ್ತು ದಾಟಿದ್ರೆ, ಇಲ್ಲ ಹತ್ತಕ್ಕಿಂತ ಇಳಿದ್ರೆ, ತಕ್ಷಣ ಫೋನ್ ಮಾಡು ಪುಟ್ಟಾ. ಹತ್ತು ನಿಮಿಷದಲ್ಲಿ ಬರ್ತೀನಿ. ಉಳಿಸೋಕಾಗಲ್ಲ, ಆದ್ರೆ ಇಂಜೆಕ್ಷನ್ ಕೊಟ್ರೆ ಒದ್ದಾಟ ಇರಲ್ಲ" ಅಂದಿದ್ದರು. ನೀನು ಈಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿರುವುದು ಅದೇ ಹಾಳೆ.

ಅಮ್ಮ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಒಂದೂವರೆಗೆ ನಾನು ಎಣಿಸಿ ಬರೆದೆ: ಇಪ್ಪತ್ತೆರಡು. "ನೀನಿದೀಯಲ್ಲ, ಸ್ವಲ್ಪ ಬೆನ್ನು ಚೆಲ್ತೀನಿ" ಅಂತ ಅಮ್ಮ ಒಳಗೆ ಹೋದಳು. ಅಪ್ಪ ಕಣ್ಣು ಬಿಟ್ಟು ನನ್ನ ಪುಸ್ತಕ ನೋಡಿ, "ಟೆಸ್ಟ್ ಯಾವತ್ತು?" ಅಂದ. ನಾಡಿದ್ದು ಅಂದೆ. "ಓದ್ಕೋ. ನಾನೆಲ್ಲೂ ಹೋಗಲ್ಲ" ಅಂದ. ಅವನು ಆಡಿದ ಕೊನೆಯ ಮಾತು ಅದು. ಆಗ ಎರಡಕ್ಕೆ ಐದು ನಿಮಿಷ ಇತ್ತು.

ನಾಲ್ಕಕ್ಕೆ ಅಮ್ಮ ಎದ್ದು ಬಂದು ಅಪ್ಪನ ಕಾಲು ಮುಟ್ಟಿ ಕೂಗಿದಳು. ನರ್ಸಮ್ಮ ಬಂದು ಹಾಳೆ ನೋಡಿ, "ಮೂರೂವರೆಗೂ ಹದಿನೆಂಟು. ಹಾಗಾದ್ರೆ ನಿದ್ದೆಯಲ್ಲೇ ಹೋಗಿದಾರೆ, ಒಂಚೂರೂ ಕಷ್ಟ ಪಟ್ಟಿಲ್ಲ" ಅಂದರು. ಡಾಕ್ಟರೂ ಅದನ್ನೇ ಬರೆದರು. ಅಮ್ಮ ಬಂದವರಿಗೆಲ್ಲ ಅದನ್ನೇ ಹೇಳಿದಳು, ನಿನಗೂ ಹೇಳಿದಳು. "ಆ ಹದಿನೆಂಟರ ಮೇಲೆ ಬೆರಳಿಟ್ಟುಕೊಂಡೇ ಮಲಗ್ತೀನಿ" ಅಂತ ನೀನು ಬರೆದಿದ್ದೀಯ.

ಇಲ್ಲಿಗೆ ನಿಲ್ಲಿಸುತ್ತೇನೆ. ಕೈ ನೋಯುತ್ತಿದೆ. ಭಾವನಿಗೆ ನನ್ನ ನಮಸ್ಕಾರ ಹೇಳು. ಪಾಪುವಿನ ಎರಡೂ ಪಾದಕ್ಕೆ ಒಂದೊಂದು ಮುತ್ತು. ಅವನು ಚೆನ್ನಾಗಿ ನಿದ್ದೆ ಮಾಡಲಿ, ನಿನಗೂ ಮಾಡಲು ಬಿಡಲಿ. ಅಮ್ಮನಿಗೆ ಈ ಕಾಗದ ತೋರಿಸಬೇಕೋ ಬೇಡವೋ, ಪೂರ್ತಿ ಓದಿದ ಮೇಲೆ ನೀನೇ ಯೋಚಿಸು.

ನಿನ್ನ
ಸೆಕೆಂಡು

ಮರೆತದ್ದು: ಮರೆತದ್ದೇನೂ ಇಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ, ಅಷ್ಟೇ. ಅಕ್ಕಾ, ಒಂದೂವರೆಯ ಇಪ್ಪತ್ತೆರಡು ನಿಜ. ಆಮೇಲಿನ ನಾಲ್ಕು ಅಪ್ಪನವಲ್ಲ. ನನಗೆ ಎರಡರಿಂದ ನಾಲ್ಕರವರೆಗೆ ಫೋನಿನಲ್ಲಿ ಒಂದು ಮಾಕ್ ಟೆಸ್ಟ್ ಇತ್ತು, ನಡುವೆ ನಿಲ್ಲಿಸಿದರೆ ಮಾರ್ಕ್ಸ್ ಬರುವುದಿಲ್ಲ. ಅದಕ್ಕೇ ಎರಡು ಗಂಟೆಗೇ ನಾಲ್ಕೂ ಖಾನೆ ತುಂಬಿಬಿಟ್ಟೆ. ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತು, ಹದಿನೆಂಟು. ಮೂರನೆಯದನ್ನು ಒಂದು ಸಲ ಹೊಡೆದು ತಿದ್ದಿದ್ದೇನೆ, ಹಾಳೆ ತೆಗೆದು ನೋಡು. ಆಮೇಲೆ ಇಯರ್‌ಫೋನ್ ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ ಕೂತೆ. ಅವನು ಯಾವಾಗ ಹೋದ, ಹೇಗೆ ಹೋದ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಗೊತ್ತಿರುವುದು ಒಂದೇ. ಅರವತ್ತನೇ ಪ್ರಶ್ನೆಯ ಆಸುಪಾಸಿನಲ್ಲಿ ಇಯರ್‌ಫೋನಿನ ಆಚೆಯಿಂದ ಮಂಚದ ಹಲಗೆಯ ಸದ್ದು ಕೇಳಿಸಿತು. ಧಡ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾರನ್ನೋ ಉಳಿಸುತ್ತಿದ್ದಾನೆ ಅಂದುಕೊಂಡು ನಾನು ತಿರುಗಿ ನೋಡಲಿಲ್ಲ.